ಉಟ್ಕೂರ್ ತಿರುವಿನ ಕಲ್ಲು

ಕರಿಬಸಯ್ಯನ ಆಟೋ ನೆಲ ಬಿಟ್ಟು ಎರಡಾಳು ಎತ್ತರಕ್ಕೆ ಎದ್ದು, ಎದುರಿಗೆ ಬಂದ ಗದ್ವಾಲದ ಕೋಟೆಯಷ್ಟು ದೊಡ್ಡ ಸಿಮೆಂಟ್ ಲಾರಿಯನ್ನು ಮೇಲಿನಿಂದಲೇ ದಾಟಿ, ಆಚೆ ಬದಿಯಲ್ಲಿ ಹೂವು ಉದುರಿದ ಹಾಗೆ ಇಳಿದದ್ದು ತೆಲಂಗಾಣ ರಾಜ್ಯವಾದ ದಿನ ಬೆಳಿಗ್ಗೆ. ಅಷ್ಟು ಎತ್ತರದಿಂದ ಅವನಿಗೆ ಜುರಾಲಾ ಅಣೆಕಟ್ಟಿನ ಗೇಟುಗಳು ಕಂಡವು, ಅದರಾಚೆ ಗದ್ವಾಲ ಕಂಡಿತು, ಗದ್ವಾಲದಲ್ಲಿ ಯಾವಳೋ ಮಾಳಿಗೆಯ ಮೇಲೆ ಒಣಹಾಕುತ್ತಿದ್ದ ಸೀರೆಯ ಅಂಚೂ ಕಂಡಿತು. ಸೀಟಿನ ಪಕ್ಕ ಇಟ್ಟುಕೊಂಡಿದ್ದ ಚಹಾದ ಗ್ಲಾಸು ತುಳುಕಲಿಲ್ಲ. ಕೆಳಗೆ, ಉಟ್ಕೂರ್ ತಿರುವಿನಲ್ಲಿ, ಕರಿಯ ಕಂಬಳಿ ಹೊದ್ದ ಒಬ್ಬ ಒಂದೇ ಕೈಯಿಂದ ಆಟೋವನ್ನು ಎತ್ತಿ ಹಿಡಿದಿದ್ದ. ಅವನ ಕಾಲ ಬಳಿ ನಾಯಿಯಿತ್ತು. ಅದು ಬೊಗಳಲಿಲ್ಲ, ಮಾತಾಡಿತು. ಏನು ಮಾತಾಡಿತೆಂದು ಯಾರಾದರೂ ಕೇಳಿದರೆ ಕರಿಬಸಯ್ಯ ಕಣ್ಣು ಮುಚ್ಚಿ, "ಅದನ್ನ ಹೇಳಾಕ ಅಪ್ಪಣಿ ಇಲ್ಲ" ಎನ್ನುತ್ತಿದ್ದ.

ನಾರಾಯಣಪೇಟೆಯಿಂದ ಮಕ್ತಲ್‌ವರೆಗೆ ಇದನ್ನು ಕೇಳದ ಕಿವಿಯಿಲ್ಲ, ನಂಬಿದ ಕಿವಿಯೂ ಇಲ್ಲ. ಕರಿಬಸಯ್ಯನ ಮಾತಿಗೆ ಮುಕ್ಕಾಲು ಪಾಲು ಸೋಡಿ ಬಿಟ್ಟು ಉಳಿದದ್ದನ್ನು ಮಾತ್ರ ಮನೆಗೆ ಒಯ್ಯಬೇಕೆಂಬುದು ಅವನ ಶೇರ್ ಆಟೋದಲ್ಲಿ ಒತ್ತಿಕೊಂಡು ಕೂರುವ ಎಲ್ಲರಿಗೂ ಗೊತ್ತಿತ್ತು. ಅವನು ಹುಲಿ ಕಂಡೆನೆಂದರೆ ಬೆಕ್ಕು ಅಡ್ಡ ಬಂದಿರಬೇಕು. ಮಂತ್ರಿ ತನ್ನ ಆಟೋ ಹತ್ತಿದನೆಂದರೆ ಮಂತ್ರಿಯ ಊರಿನ ಮಾಸ್ತರು ಹತ್ತಿರಬೇಕು. ಹಾಗೆ ಜನ ಹಾರಿದ್ದನ್ನು ಕಳೆದರು, ಗದ್ವಾಲದ ಸೀರೆಯನ್ನು ಕಳೆದರು, ನಾಯಿಯ ಮಾತನ್ನು ಕಳೆದರು. ಉಳಿದದ್ದು ಇಷ್ಟು: ಲಾರಿಯೊಂದು ಬಂತು, ಕರಿಬಸಯ್ಯ ಅಯ್ನೋರು ಸಾಯಬೇಕಿತ್ತು, ಕಂಬಳಿ ಹೊದ್ದ ಮೈಲಾರಯ್ಯ ಉಳಿಸಿದ. ಜಂಗಮರ ಮನೆಯವನು, ಎಷ್ಟು ಬೊಗಳೆ ಬಿಟ್ಟರೂ ದೇವರ ಹೆಸರಿನಲ್ಲಿ ಪೂರಾ ಸುಳ್ಳು ಆಡಲಾರ ಎಂದು ಆ ಉಳಿಕೆಯನ್ನು ಸೆರಗಿನ ತುದಿಯಲ್ಲಿ, ಟವೆಲಿನ ಗಂಟಿನಲ್ಲಿ ಭದ್ರವಾಗಿ ಕಟ್ಟಿಕೊಂಡು ಹೋದರು. ತಿರುವಿನ ಅಂಚಿನಲ್ಲಿ ಆಟೋದ ಮುಂದಿನ ಗಾಲಿ ತಾಗಿ ನಿಂತಿದ್ದ ಮೊಣಕಾಲೆತ್ತರದ ಕಲ್ಲಿಗೆ ಅರಿಶಿನದ ಭಂಡಾರ ಬಿತ್ತು, ಆಮೇಲೆ ಬಿಳಿ ಸುಣ್ಣ, ಆಮೇಲೆ ಒಂದು ಹಳೆಯ ಗಂಟೆ. ಹೊಸ ರಾಜ್ಯದಲ್ಲಿ ಹುಟ್ಟಿದ ಮೊದಲ ದೇವರು ಇದೇ ಎಂದು ಕರಿಬಸಯ್ಯ ಹೇಳಿಕೊಂಡು ತಿರುಗಿದ. ಆ ಮಾತಿಗೆ ಯಾರೂ ಸೋಡಿ ಕೇಳಲಿಲ್ಲ. ದಾರಿಯ ಡ್ರೈವರುಗಳೆಲ್ಲ ಅಲ್ಲಿ ಕೈ ಮುಗಿಯತೊಡಗಿದರು. ಗಾಡಿ ನಿಲ್ಲಿಸಿ ಅಲ್ಲ. ಓಡುತ್ತಿರುವ ಗಾಡಿಯಲ್ಲೇ ಹ್ಯಾಂಡಲ್ ಬಿಟ್ಟು, ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿ, "ಏಳು ಕೋಟಿ" ಎಂದು ಮೈಲಾರಯ್ಯನನ್ನು ಕೂಗಿ.

ಇವತ್ತು ಬೆಳಿಗ್ಗೆ ಮಕ್ತಲ್ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಆ ಕೈಗಳನ್ನೇ ಕರಿಬಸಯ್ಯ ಲ್ಯಾಪ್‌ಟಾಪಿನ ಪರದೆಯ ಮೇಲೆ ನೋಡುತ್ತಿದ್ದ. ತೋರಿಸುತ್ತಿದ್ದವಳು ರಜಿತಾ. ಗದ್ವಾಲದ ಹುಡುಗಿ, ತಾಯಿ ರಾಯಚೂರಿನವರು. ಹೈದರಾಬಾದಿನಲ್ಲಿ ಓದಿ ಈಗ ಡ್ರೈವರುಗಳು ಗಾಡಿ ಓಡಿಸುವಾಗ ಏನೇನು ಮಾಡುತ್ತಾರೆ, ಯಾಕೆ ಮಾಡುತ್ತಾರೆ ಎಂದು ಸಂಶೋಧನೆ ನಡೆಸುತ್ತಿದ್ದಳು. ಈ ದಾರಿಯ ಆಟೋಗಳಲ್ಲಿ ಅವರವರ ಒಪ್ಪಿಗೆ ಪಡೆದು ಕಡ್ಡಿಪೆಟ್ಟಿಗೆಯಷ್ಟು ಚಿಕ್ಕ ಕ್ಯಾಮೆರಾ ಕೂರಿಸಿದ್ದಳು. ಒಪ್ಪಿಸಿದವನು ಕರಿಬಸಯ್ಯನೇ. ನಿನ್ನೆ ರಾತ್ರಿ ಉಂಡದ್ದು ರೊಟ್ಟಿಯೋ ಅನ್ನವೋ ಎಂಬುದೂ ಅದಕ್ಕೆ ಕಾಣುತ್ತದೆ, ಅಮೆರಿಕದಲ್ಲಿ ಕೂತು ನೋಡುತ್ತಾರೆ ಎಂದು ಹೆದರಿಸಿ, ಹೆದರಿದವರನ್ನು ತಾನೇ ನಕ್ಕು ಸಮಾಧಾನ ಮಾಡಿದ್ದ. ಮೊದಮೊದಲು ಡ್ರೈವರುಗಳು ತಲೆ ಬಾಚಿಕೊಂಡು, ಗುಟ್ಕಾ ಉಗಿದು, ಮದುಮಕ್ಕಳ ಹಾಗೆ ಕೂತು ಓಡಿಸಿದರು. ಆಮೇಲೆ ಮರೆತರು. ಮರೆತ ಮೇಲಿನದೇ ತನಗೆ ಬೇಕಾದ್ದು ಎಂದಿದ್ದಳು ರಜಿತಾ.

ಪರದೆಯ ಮೇಲೆ ಒಂದಾದ ಮೇಲೆ ಒಂದು ಆಟೋ ಅದೇ ತಿರುವಿಗೆ ಬರುತ್ತಿತ್ತು. ಬೇರೆ ಬೇರೆ ಕೈಗಳು, ದಾರ ಕಟ್ಟಿದವು, ಬೆರಳು ತುಂಡಾದದ್ದು, ಗೋರಂಟಿ ಬಳಿದದ್ದು, ಎಲ್ಲವೂ ಒಂದೇ ಜಾಗದಲ್ಲಿ ಹ್ಯಾಂಡಲ್ ಬಿಟ್ಟು ಎದೆಯ ಮಟ್ಟಕ್ಕೆ ಏಳುತ್ತಿದ್ದವು. ಕೈ ಬಿಟ್ಟ ಹ್ಯಾಂಡಲ್ ತನ್ನಷ್ಟಕ್ಕೆ ಸಣ್ಣಗೆ ನಡುಗುತ್ತಿತ್ತು. ಯಾರದೋ ಎದೆ ಬಡಿತದ ಹಾಗೆ ಕಂಡಿತು ಅದು ಕರಿಬಸಯ್ಯನಿಗೆ. ಯಾರದು ಎಂದು ಕೇಳಿಕೊಳ್ಳಲಿಲ್ಲ. ಇವುಗಳ ನಡುವೆ ಎಲ್ಲೋ, ಶ್ರಾವಣದಲ್ಲಿ ಅಲ್ಲೇ ಗಾಡಿ ಹೊರಳಿಸಿದ ಎಂಕಪ್ಪನ ಕೈಗಳೂ ಇರಬೇಕು. ರಜಿತಾ ಅದನ್ನು ಯಾರಿಗೂ ತೋರಿಸುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ಪ್ರತಿ ಸಲ ಚಿತ್ರ ಬದಲಾಗುವಾಗ ಅವನು ಮೊದಲು ಆ ಕೈಗಳನ್ನೇ ಹುಡುಕುತ್ತಿದ್ದ. ಎಂಕಪ್ಪ ಅವನ ಬಳಿಯೇ ಆಟೋ ಕಲಿತವನು. ಕಲಿಯುವಾಗ ಕ್ಲಚ್ಚಿಗಿಂತ ಹೆಚ್ಚಾಗಿ ಕಥೆ ಕೇಳಿದವನು. ಆ ಇಡೀ ದಾರಿಯಲ್ಲಿ ಒಂದು ಕಾಸೂ ಸೋಡಿ ಬಿಡದೆ ಎಲ್ಲವನ್ನೂ, ನಾಯಿಯನ್ನೂ ಸೇರಿಸಿ, ನಂಬಿದವನು ಅವನೊಬ್ಬ. "ಆ ನಾಯಿ ಕನ್ನಡದಾಗ ಮಾತಾಡ್ತೋ ತೆಲುಗಿನ್ಯಾಗೋ ಅಯ್ನೋರ?" ಎಂದು ಒಮ್ಮೆ ಕೇಳಿದ್ದ. ಕೇಳುವಾಗ ಅವನ ಮುಖದಲ್ಲಿ ತಮಾಷೆಯ ಗೆರೆಯೂ ಇರಲಿಲ್ಲ. "ಎರಡರಾಗೂ" ಎಂದಿದ್ದ ಕರಿಬಸಯ್ಯ.

"ಈಗ ನಿಮ್ಮದು ನೋಡ್ರಿ ಅಯ್ನೋರೆ," ಎಂದಳು ರಜಿತಾ.

ಅದೇ ತಿರುವು. ಸುಣ್ಣ ಬಳಿದ ಕಲ್ಲು ಎಡಗಡೆಯಿಂದ ತೇಲಿ ಬಂತು. ಅವನ ಕೈಗಳು ಏಳಲಿಲ್ಲ. ಏಳದಿದ್ದುದಷ್ಟೇ ಅಲ್ಲ, ಬೆರಳ ಗಂಟುಗಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹ್ಯಾಂಡಲ್ ಹಿಡಿದವು. ಕಲ್ಲು ಹಿಂದೆ ಸರಿದ ಮೇಲೆ ಸಡಿಲಾದವು. ಅವಳು ಇನ್ನೊಂದು ದಿನದ್ದು ಹಾಕಿದಳು. ಅದೇ. ಮತ್ತೊಂದು. ಅದೇ.

"ಎಲ್ಲಾರೂ ಕೈ ಬಿಡ್ತಾರ. ಇಷ್ಟು ಮಂದ್ಯಾಗ ನೀವೊಬ್ರೇ ಬಿಡಂಗಿಲ್ಲ. ನಾ ನಮ್ಮ ಪ್ರೊಫೆಸರ್ ಸರ್‌ಗೆ ಹೇಳೀನಿ, ಈ ದಾರಿ ಮ್ಯಾಲೆ ಡ್ರೈವರ್ ಅಂದ್ರ ಅಯ್ನೋರು ಅಂತ. ನಿಮ್ಮ ಫೋಟೋ ಹಾಕಿ ಬೋರ್ಡ್ ಮಾಡಸ್ತಾರಂತ."

"ನನ್ನ ಕೈ ಹುಟ್ಟುವಾಗ ಹ್ಯಾಂಡಲ್ ಹಿಡಕೊಂಡ ಬಂದಾವ ಮೇಡಮ್ಮೋರೆ," ಎಂದ ಕರಿಬಸಯ್ಯ. "ಸೂಲಗಿತ್ತಿ ಬಿಡಸಾಕ ಹೋಗಿ ಸಾಕಾಗಿ ಹಂಗ ಬಿಟ್ಲಂತ."

ಚಹಾದಂಗಡಿಯವನು ನಕ್ಕ. ರಜಿತಾಳೂ ನಕ್ಕಳು. ನಗು ಮುಗಿದ ಮೇಲೂ ಕರಿಬಸಯ್ಯನ ಕಣ್ಣು ಪರದೆಯಿಂದ ಏಳಲಿಲ್ಲ. ತನ್ನ ಕೈಗಳನ್ನು ಅವನು ಹೊರಗಿನಿಂದ ಎಂದೂ ನೋಡಿರಲಿಲ್ಲ. ನಾಲಿಗೆಗೆ ಎಷ್ಟು ಕಥೆ ಕಲಿಸಿದ್ದ. ಕೈಗೆ ಒಂದನ್ನೂ ಹೇಳಿಕೊಡಲು ಮರೆತಿದ್ದ. ಅವು ತಮಗೆ ಗೊತ್ತಿದ್ದುದನ್ನು ದಿನಕ್ಕೆ ಎಂಟು ಸಲ, ಹತ್ತು ಸಲ, ಪ್ರಯಾಣಿಕರ ಎದುರಿಗೇ ಹೇಳಿಕೊಂಡು ತಿರುಗುತ್ತಿದ್ದವು. ಆ ದಿನ ಅಲ್ಲಿ ಲಾರಿ ಇರಲಿಲ್ಲ. ಅವನಿಗೆ ಅದು ಗೊತ್ತು, ಕೈಗೂ ಗೊತ್ತು. ಹಿಂದಿನ ರಾತ್ರಿ ಮಕ್ತಲ್ ಮಕ್ತಲಾಗಿ ಉಳಿದಿರಲಿಲ್ಲ. ಪಟಾಕಿ, ಡಪ್ಪಿನ ಬಡಿತ, ಗುಲಾಲು. ಹನ್ನೆರಡು ಹೊಡೆಯುವುದಕ್ಕೂ ರಾಜ್ಯ ಹುಟ್ಟುವುದಕ್ಕೂ ಸರಿಹೋಗಿ, ಗುರುತಿಲ್ಲದವರೂ ಅಪ್ಪಿಕೊಂಡರು. ಅವನು ಕುಣಿದ ಕುಣಿತಕ್ಕೆ ನೆಲ ಬಿರುಕು ಬಿಟ್ಟು ಅದರಲ್ಲಿ ನೀರು ಬಂತು ಎಂದು ಆಮೇಲೆ ಹೇಳಿಕೊಂಡ. ಬೆಳಕು ಹರಿಯುವಾಗ ಖಾಲಿ ಆಟೋ ಹೊಡೆದುಕೊಂಡು ಉಟ್ಕೂರಿನ ಕಡೆ ಹೊರಟಿದ್ದ. ಎದುರಿಗೆ ಸೂರ್ಯ. ರೆಪ್ಪೆಯ ಮೇಲೆ ಗುಲಾಲಿನ ಪುಡಿ. ಕಣ್ಣು ಸ್ವಲ್ಪ ಮಂಜಾಗಿತ್ತು. ಸ್ವಲ್ಪವೇ. ಆಮೇಲೆ ಒಂದು ಸದ್ದು, ಉತ್ತ ಹೊಲದ ವಾಸನೆ, ಕಲ್ಲಿಗೆ ಮುಖ ಕೊಟ್ಟು ನಿಂತ ಆಟೋ, ಆಡುಗಳನ್ನು ಬಿಟ್ಟು ಓಡಿ ಬಂದ ಹಂಪಮ್ಮ. "ಏನಾತೋ ನನ್ನಪ್ಪಾ?" ಎಂದಿದ್ದಳು ಅವಳು. ಆ ಪ್ರಶ್ನೆಗೆ ಸಣ್ಣದೊಂದು ಉತ್ತರವಿತ್ತು. ಅದು ಗಂಟಲಿನವರೆಗೆ ಬಂದಿತ್ತು ಕೂಡ. ಬಾಯಿ ತೆರೆದಾಗ ಲಾರಿ ಹೊರಬಂತು. ಲಾರಿಯ ಹಿಂದೆ ಕಂಬಳಿ. ಕಂಬಳಿಯ ಹಿಂದೆ ನಾಯಿ. ಹಂಪಮ್ಮ ಕುರುಬರ ಹೆಂಗಸು, ಮೈಲಾರಯ್ಯನ ಒಕ್ಕಲು. ಕಂಬಳಿ ಮತ್ತು ನಾಯಿ ಎಂದ ಕೂಡಲೇ ಅವಳ ಕೈ ತಾನಾಗಿ ಸೊಂಟದ ಚೀಲದೊಳಗೆ ಹೋಗಿತ್ತು, ಭಂಡಾರಕ್ಕೆ.

"ಒಂದು ಕೆಲಸ ಐತ್ರಿ," ಎಂದಳು ರಜಿತಾ. "ಆ ಕಲ್ಲು ಬದುವಿನ ಆ ಕಡೆ, ಹೊಲದೊಳಗ ಇಟ್ರ ಸಾಕು. ಕೈ ಮುಗಿಯೋರು ಗಾಡಿ ನಿಲ್ಲಿಸಿ ಇಳಿದು ಹೋಗ್ತಾರ. ಡ್ರೈವರ್‌ಗಳನ್ನ ಕೇಳಿದ್ರ, ದೇವ್ರನ್ನ ಎತ್ತಾಕ ನಾವ್ಯಾರು, ಪೂಜಾ ಮಾಡೋ ಹಂಪಮ್ಮನ್ನ ಕೇಳ್ರಿ ಅಂತಾರ. ಹಂಪಮ್ಮನ್ನ ಕೇಳಿದ್ರ, ದೇವ್ರನ್ನ ಕಂಡೋರು ಅಯ್ನೋರು, ಅವರು ಹೂಂ ಅಂದ್ರ ಹೂಂ ಅಂತಾಳ. ನೀವು ಬಂದು ಒಂದು ಮಾತು ಹೇಳಿದ್ರ ಮುಗೀತು. ಇಲ್ಲಾಂದ್ರ ಅಲ್ಲಿ ಇನ್ನೊಬ್ರು ಬೀಳ್ತಾರ. ಇವತ್ತಲ್ಲ ನಾಳೆ."

ಅವಳನ್ನು ಕೂರಿಸಿಕೊಂಡು ಹೊರಟ. ದಾರಿಯುದ್ದಕ್ಕೂ ಅವಳು ಏನೋ ಕೇಳುತ್ತಿದ್ದಳು, ಅವನು ಏನೋ ಹೇಳುತ್ತಿದ್ದ. ಅವನ ಬಾಯಿಗೆ ಅವನು ಬೇಕಾಗಿರಲಿಲ್ಲ. ಬೋರ್ಡಿನ ಮೇಲಿನ ತನ್ನ ಫೋಟೋ ಕಣ್ಣಿಗೆ ಕಟ್ಟುತ್ತಿತ್ತು, ಬೆಟ್ಟದಷ್ಟು ದೊಡ್ಡ ಫೋಟೋ, ಮಕ್ತಲ್‌ನಿಂದ ಕೃಷ್ಣೆಯಾಚೆಗೂ ಕಾಣುವಂಥದ್ದು. ಆ ಫೋಟೋದ ಕೆಳಗೆ ಹಂಪಮ್ಮ ಮುರಿದ ಕಾಲು ಚಾಚಿಕೊಂಡು ಕೂತಿದ್ದಳು. ಅವಳನ್ನು ಅಲ್ಲಿಂದ ಎಷ್ಟು ಎಬ್ಬಿಸಿದರೂ ಏಳುತ್ತಿರಲಿಲ್ಲ. ಶ್ರಾವಣದ ಒಂದು ಮುಂಜಾನೆ ಅವಳು ಕಲ್ಲಿನ ಸುತ್ತ ಕಸ ಹೊಡೆಯುತ್ತಿದ್ದಾಗ ಎಂಕಪ್ಪನ ಆಟೋ ಬಂತು. ಎಂಕಪ್ಪ ಎಲ್ಲರ ಹಾಗೆ ಕೈ ಎತ್ತಿದ, ಕಣ್ಣು ಮುಚ್ಚಿದ. ಮುಂದಿನ ಗಾಲಿ ತಗ್ಗಿಗೆ ಬಿದ್ದು ಹ್ಯಾಂಡಲ್ ಎಡಕ್ಕೆ ಹೊರಳಿತು. ಮಹಬೂಬನಗರದಲ್ಲಿ ಹಂಪಮ್ಮನ ತೊಡೆಗೆ ರಾಡು ಹಾಕಿದರು. ಆಸ್ಪತ್ರೆಗೆ ನೋಡಲು ಹೋದ ಕರಿಬಸಯ್ಯನ ಕೈ ಹಿಡಿದು ಹಂಪಮ್ಮ ಹೇಳಿದ್ದಳು: "ಕಲ್ಲಿನ ಬಾಜೂಕ ಬಿದ್ದೆ ನೋಡ್ರಿ ಅಯ್ನೋರ, ಅದಕ್ಕ ಜೀವ ಉಳೀತು. ನಿಮ್ಮನ್ನ ಉಳಿಸಿದಾತ ನನ್ನೂ ಉಳಿಸಿದ. ನಿಮ್ಮಿಂದ ಸಿಕ್ಕ ದೇವ್ರು." ಅವನು ತಂದಿದ್ದ ಬಾಳೆಹಣ್ಣುಗಳನ್ನು ಮಂಚದ ಕೆಳಗಿಟ್ಟು ಹೊರಬಂದು, ಮೆಟ್ಟಿಲ ಮೇಲೆ ಸಿಕ್ಕ ಯಾರಿಗೋ, ತನ್ನ ಹರಕೆಯಿಂದಲೇ ಆಕೆ ಬದುಕಿದ್ದು ಎಂದು ಹೇಳಿದ್ದ.

ತಿರುವು ಬಂತು. ಎದುರಿನಿಂದ ಒಂದು ಆಟೋ, ತುಂಬಿ ತುಳುಕುವ ಹೆಂಗಸರು, ಹಿಂದೆ ನೇತಾಡುವ ಹಾಲಿನ ಕ್ಯಾನು. ಅದರ ಡ್ರೈವರನ ಕೈಗಳು ಎದ್ದವು, ಕಣ್ಣು ಮುಚ್ಚಿದವು. ಒಂದು ಗಳಿಗೆ ಆ ಮುಚ್ಚಿದ ಕಣ್ಣುಗಳು ನೇರವಾಗಿ ಕರಿಬಸಯ್ಯನ ಕಡೆಗೇ ಓಡಿ ಬಂದವು. ಅವನು ಎಷ್ಟು ಅಂಚಿಗೆ ಸರಿದನೆಂದರೆ ಗಾಲಿ ಮಣ್ಣಿಗೆ ಇಳಿಯಿತು. ಆಟೋ ಗಾಳಿ ಬಡಿದು ದಾಟಿಹೋಯಿತು. ಹೆಂಗಸರಲ್ಲೊಬ್ಬಳು ಕಲ್ಲಿನ ಕಡೆ ಎಸೆದ ಭಂಡಾರ ರಜಿತಾಳ ತೊಡೆಯ ಮೇಲೆ ಹಳದಿಯಾಗಿ ಬಿತ್ತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ. ಮುಂದೆ ಬಾಗಿ ಅವನ ಕೈಗಳನ್ನು ನೋಡಿದಳು. ಹಾರಿದ್ದು, ಕೋಟೆಯಂಥ ಲಾರಿ, ಇದೆಲ್ಲ ಈಗ ಅವನಿಗೆ ಬೇರೆ ಯಾರೋ ಹೇಳಿದ ಹಾಗೆ, ಬಹಳ ದೂರದಿಂದ ಕೇಳಿಸುತ್ತಿತ್ತು.

ಹಂಪಮ್ಮ ತನ್ನ ಮನೆಯಂಗಳದ ಬೇವಿನ ನೆರಳಿನಲ್ಲಿ ಮಂಚದ ಮೇಲೆ ಒರಗಿದ್ದಳು. ಹೊಸ್ತಿಲ ಬಳಿ ಎಂಕಪ್ಪ ಕುಕ್ಕರುಗಾಲಿನಲ್ಲಿ ಕೂತು ಅವಳ ಆಡಿನ ಮರಿಗೆ ಸೊಪ್ಪು ಹಿಡಿದಿದ್ದ. ಆ ದಿನದಿಂದ ಅವನು ಆಟೋ ಮುಟ್ಟಿರಲಿಲ್ಲ. ಅದು ಅವನ ಮನೆಯ ಹಿಂದೆ ತಾಡಪತ್ರಿ ಹೊದ್ದು ನಿಂತಿತ್ತು. ದಿನಾ ಬೆಳಿಗ್ಗೆ ಬಂದು ಹಂಪಮ್ಮನಿಗೆ ನೀರು ತಂದಿಟ್ಟು, ಆಡು ಕಾಯ್ದು, ಸಂಜೆ ಹೋಗುತ್ತಿದ್ದ. ಕರಿಬಸಯ್ಯನನ್ನು ಕಂಡು ಎದ್ದು ನಿಂತ.

"ಬರ್ರಿ ಅಯ್ನೋರ. ಇವತ್ತೇನು ಹಾರಿಸ್ಕೊಂಡ ಬಂದ್ರೋ, ನೆಲದ ಮ್ಯಾಲೆ ಬಂದ್ರೋ?" ಎಂದಳು ಹಂಪಮ್ಮ.

"ನೆಲದ ಮ್ಯಾಲೆ ಯವ್ವಾ. ಮೇಡಮ್ಮೋರು ಅಂಜತಾರ."

"ಹುಡುಗಿ ಶಾಣ್ಯಾ ಅದಾಳ."

ರಜಿತಾ ಮಂಚದ ಅಂಚಿನಲ್ಲಿ ಕೂತು, ಕಲ್ಲನ್ನು ಸರಿಸುವ ಮಾತನ್ನು ಮತ್ತೊಮ್ಮೆ ಹೇಳಿದಳು. ಆಮೇಲೆ, ತನಗೆ ತಿಳಿದ ಅತಿ ಒಳ್ಳೆಯ ಪುರಾವೆ ಎಂಬಂತೆ, ಮೊಬೈಲ್ ತೆಗೆದು ಹಂಪಮ್ಮನ ಮುಖದ ಮುಂದೆ ಹಿಡಿದಳು. "ನೋಡವ್ವಾ. ಇವು ಅಯ್ನೋರ ಕೈ. ಹಿಂಗ ಬಿಡದಂಗ ಹಿಡಕೊಂಡ್ರ ಯಾರಿಗೂ ಏನೂ ಆಗಂಗಿಲ್ಲ."

ಹಂಪಮ್ಮ ಮೊಬೈಲನ್ನು ತಾನೇ ತೆಗೆದುಕೊಂಡು ದೂರಕ್ಕೆ ಹಿಡಿದು ನೋಡಿದಳು. "ಇನ್ನೊಮ್ಮಿ ಹಾಕು" ಎಂದಳು. ಮತ್ತೆ ನೋಡಿದಳು. ಕಲ್ಲು ತೇಲಿ ಬಂದು ತೇಲಿ ಹೋದದ್ದು ಅವಳ ಕಣ್ಣಿನ ಬಿಳಿಯಲ್ಲಿ ಕರಿಬಸಯ್ಯನಿಗೂ ಕಂಡಂತಾಯಿತು.

"ಅಯ್ನೋರ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನಿಮ್ಮನ್ನ ಉಳಿಸಿದ ದೇವ್ರಿಗಿ ನೀವ ಕೈ ಮುಗಿಯಂಗಿಲ್ಲೇನು?"

ಎಂಕಪ್ಪ ನೆಲ ನೋಡುತ್ತಿದ್ದ. ರಜಿತಾ ಮೊದಲು ಹಂಪಮ್ಮನನ್ನು, ಆಮೇಲೆ ಕರಿಬಸಯ್ಯನನ್ನು ನೋಡಿದಳು. ಬೆಳಿಗ್ಗೆಯಿಂದ ತಾನು ಹೊಗಳುತ್ತಿದ್ದುದು ಏನನ್ನು ಎಂಬುದು ಅವಳಿಗೆ ಈಗ ಹೊಳೆಯುತ್ತಿತ್ತು. ಆ ಹೊಳೆಯುವಿಕೆ ಪೂರ್ತಿಯಾಗುವ ಮೊದಲೇ ಅವನು ಏನಾದರೂ ಹೇಳಬೇಕಿತ್ತು. ಅಷ್ಟರಲ್ಲಿ ನಾಲಿಗೆ, ಅವನ ಹಳೆಯ ನಂಬಿಗಸ್ತ ಆಳು, ಅಪ್ಪಣೆಗೂ ಕಾಯದೆ ಮುಂದೆ ಓಡಿತ್ತು.

"ನನಗ ಕನಸಿನ್ಯಾಗ ಬ್ಯಾಡ ಅಂದಾನ ಯವ್ವಾ," ಎಂದ. "ಹೇಳಬಾರದು ಅಂತಿದ್ದೆ. ಬಿಳಿ ಕುದುರಿ ಮ್ಯಾಲೆ ಬಂದಿದ್ದ. ಗಾಡಿ ಧೂಳು ನನ್ನ ಕಣ್ಣಾಗ ಬೀಳತೈತಿ, ಓಡೋ ಗಾಡ್ಯಾಗ ಮುಗಿದ ಕೈ ನನಗ ಮುಟ್ಟಂಗಿಲ್ಲ, ನನ್ನನ್ನ ಹೊಲದೊಳಗ ಇಡ್ರಿ, ಬೇಕಾದಾವ ಇಳಿದು ಬರ್ಲಿ, ಅಂದ."

ಹಂಪಮ್ಮ ಕಲ್ಲಿದ್ದ ದಿಕ್ಕಿಗೆ ಕೈ ಮುಗಿದಳು. ಕಣ್ಣಂಚು ಒದ್ದೆಯಾಯಿತು. "ಅಪ್ಪಣಿ ಆಗೈತಿ ಅಂದ್ಮ್ಯಾಲೆ ನಾ ಯಾರು ಬ್ಯಾಡ ಅನ್ನಾಕ," ಎಂದಳು. "ನಾಳೆ ಎತ್ತಿಸ್ರಿ. ಕುದುರಿ ಬಿಳೇದಿತ್ತೇನು? ಆತ ಬಿಳೇ ಕುದುರಿ ಮ್ಯಾಲೇ ಬರೋದು."

ಮುಗಿಯಿತು. ಇಷ್ಟು ಸುಲಭ. ಕಲ್ಲು ಹೊಲದೊಳಗೆ ಹೋಗುತ್ತದೆ, ತಿರುವಿನಲ್ಲಿ ಯಾರೂ ಬೀಳುವುದಿಲ್ಲ, ಬೋರ್ಡಿನ ಮೇಲೆ ಫೋಟೋ ಬರುತ್ತದೆ, ಅವನ ಹೆಸರಿಗೆ ಕೂದಲಷ್ಟೂ ಕೊಂಕಿಲ್ಲ. ಒಳ್ಳೆಯದೇ ಆಯಿತಲ್ಲ, ಒಳ್ಳೆಯದನ್ನು ಮಾಡಿದ ಸುಳ್ಳು ಸುಳ್ಳೇ ಅಲ್ಲ ಎಂದು ಒಳಗೆ ಯಾರೋ ಅವನ ಬೆನ್ನು ತಟ್ಟುತ್ತಿದ್ದರು. ಕುದುರೆಯ ಲಗಾಮು ಬೆಳ್ಳಿಯದು ಎಂದು ಸೇರಿಸಲು ಅವನು ಬಾಯಿ ತೆರೆದ. ರಜಿತಾ ಮಾತ್ರ ಅವನನ್ನು ನೋಡದೆ ತೊಡೆಯ ಮೇಲಿನ ಹಳದಿಯನ್ನು ಬೆರಳಿನಿಂದ ಉಜ್ಜುತ್ತಿದ್ದಳು.

"ಅಯ್ನೋರ," ಎಂದ ಎಂಕಪ್ಪ. ಅವರು ಬಂದಾಗಿನಿಂದ ಅವನಾಡಿದ ಮೊದಲ ಮಾತು. "ಕನಸಿನ್ಯಾಗ ನನ್ನ ಬಗ್ಗೆ ಏನರ ಅಂದನೇನ್ರಿ?"

"ನಿನ್ನ ಬಗ್ಗೆ ಏನು?"

"ಆವತ್ತು ನಾ ಮನಸಿಟ್ಟು ಕೈ ಮುಗೀಲಿಲ್ರಿ. ಕೈ ಎತ್ತಿದ್ದೆ, ಖರೇ. ಮನಸ್ನ್ಯಾಗ ಬ್ಯಾರೆ ಏನೋ ಇತ್ತು. ಹುಡುಗಿಗೆ ಚಪ್ಪಲಿ ತರಬೇಕಿತ್ತು, ಅದರ ಧ್ಯಾಸದಾಗಿದ್ದೆ. ಅದಕ್ಕ ಆತ ಸಿಟ್ಟಿಗೆದ್ದು ಹ್ಯಾಂಡಲ್ ತಿರುವಿದ. ದಿನಾ ಬೇಡಕೋತೀನ್ರಿ. ಸಿಟ್ಟು ಹೋಗೇತಂತೇನು?"

ಹೋಗೈತಿ. ಒಂದು ಮಾತು. ನಾಲಿಗೆಯ ತುದಿಯಲ್ಲಿ ಅದು ಸಿದ್ಧವಾಗಿ ಕೂತಿತ್ತು, ಬಿಸಿಯಾಗಿ, ದಯಾಳುವಾಗಿ. ಹೇಳಿದರೆ ಎಂಕಪ್ಪ ಒಂದಿಷ್ಟೂ ಕಳೆಯದೆ ಅದನ್ನು ಇಡಿಯಾಗಿ ಎತ್ತಿಕೊಳ್ಳುತ್ತಾನೆ. ನಾಳೆಯೇ ತಾಡಪತ್ರಿ ತೆಗೆಯುತ್ತಾನೆ. ಸಾಯುವವರೆಗೆ, ಮಗಳ ಚಪ್ಪಲಿ ನೆನೆದ ತಪ್ಪಿಗೆ ಒಬ್ಬ ಹೆಂಗಸಿನ ಕಾಲು ಮುರಿದು, ಆಮೇಲೆ ದೇವರಿಂದ ಕ್ಷಮೆ ಪಡೆದವನಾಗಿ ಬದುಕುತ್ತಾನೆ. ಅವನು ಮುಖ ಎತ್ತಿ ಕಾಯುತ್ತಿದ್ದ. ನಾಯಿ ಯಾವ ಭಾಷೆಯಲ್ಲಿ ಮಾತಾಡಿತು ಎಂದು ಕೇಳಿದ ಮುಖವೇ ಅದು. ಕರಿಬಸಯ್ಯ ಅಂಗಿಯ ಅಂಚಿಗೆ ಕೈ ಒರೆಸಿಕೊಂಡ. ಒರೆಸಿಕೊಳ್ಳುವಂಥದ್ದು ಕೈಯಲ್ಲಿ ಏನೂ ಇರಲಿಲ್ಲ.

"ಕನಸು ಬಿದ್ದಿಲ್ಲ," ಎಂದ.

ಆಡಿನ ಮರಿ ಎಂಕಪ್ಪನ ಕೈಯ ಸೊಪ್ಪನ್ನು ಎಳೆಯಿತು.

"ಲಾರಿನೂ ಇರಲಿಲ್ಲ ಎಂಕಪ್ಪಾ."

ಹಂಪಮ್ಮ ನಗಲು ನೋಡಿದಳು. ಅವನ ಮಾತಿಗೆ ಸೋಡಿ ಬಿಡುವ ಹಳೆಯ ರೂಢಿಯಿಂದಲೇ ಕೇಳಿದಳು: "ಅಂದ್ರ ಸಣ್ಣದಿತ್ತೇನು, ಟ್ರ್ಯಾಕ್ಟರ್ ಏನರ?"

"ಸಣ್ಣದೂ ಇರಲಿಲ್ಲ ಯವ್ವಾ. ಟ್ರ್ಯಾಕ್ಟರ್ ಇಲ್ಲ, ಸೈಕಲ್ ಇಲ್ಲ. ರಸ್ತೆ ಖಾಲಿ ಇತ್ತು."

"ಕಂಬಳಿ ಹೊದ್ದಾತ?"

"ಯಾರೂ ಇರಲಿಲ್ಲ. ಮೊದಲು ಬಂದಾಕಿ ನೀನ."

ಅವಳ ಕೈ ಸೊಂಟದ ಚೀಲದ ಮೇಲೆ ಹೋಗಿ, ಒಳಗೆ ಇಳಿಯದೆ, ಅಲ್ಲೇ ನಿಂತಿತು. ಇದರಲ್ಲಿ ಏನನ್ನು ಕಳೆಯಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ. "ಹಂಗಾದ್ರ ಆವತ್ತು ಏನಾಗಿತ್ತೋ ನನ್ನಪ್ಪಾ?" ಎಂದಳು, ಮೊದಲ ದಿನದ ಹಾಗೆಯೇ.

ಕರಿಬಸಯ್ಯ ಅವಳ ಕಡೆ ನೋಡಲಿಲ್ಲ. ಹೊಸ್ತಿಲಲ್ಲಿ ಸೊಪ್ಪು ಹಿಡಿದೇ ನಿಂತಿದ್ದವನನ್ನು ನೋಡಿ ಹೇಳಿದ.

"ನೀ 'ಸಿಟ್ಟು, ಸಿಟ್ಟು' ಅಂತೀಯಲ್ಲ, ಅಲ್ಲಿ ಸಿಟ್ಟಾಗಾಕ ಯಾರೂ ಇರಲಿಲ್ಲ ಎಂಕಪ್ಪಾ. ನೀ ಕೈ ಚಲೋನ ಮುಗಿದಿದ್ದಿ. ಮುಗೀರಿ ಅಂತ ಹೇಳಿದಾವ ನಾನು. ರಾತ್ರಿಪೂರಾ ಕುಣಿದಿದ್ದೆ. ಗಾಡಿ ಹೊಡಕೋತ ನಿದ್ದಿ ಹೋಗಿದ್ದೆ."